ಚಿತ್ರಕಲೆ ಕಲಿಸಲು ವಿಮಾನ ಏರಿದರೆ ಸಾಕೇ?

ಪಂಜಾಬ್ ಸರ್ಕಾರ 2024ರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರನ್ನು ತರಬೇತಿಗೆಂದು ಫಿನ್‌ಲ್ಯಾಂಡ್‌ಗೆ ಕಳುಹಿಸಿತು. ಮಕ್ಕಳ ಚಿತ್ರಕಲೆಯ ವಿಷಯದಲ್ಲಿ ಇಂಥ ಪ್ರವಾಸ ಹೊಸದೇನಲ್ಲ. ಹಲವು ದೇಶಗಳ ಶಿಕ್ಷಕರು ಇಟಲಿಯ ರೆಜಿಯೊ ಎಮಿಲಿಯಾ ನಗರಕ್ಕೆ ಕಲಿಯಲು ಹೋಗುತ್ತಾರೆ.

ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿನ ಹಳ್ಳಿಯೊಂದರ ಜನ, ಜರ್ಮನ್ ಸೈನಿಕರು ಬಿಟ್ಟುಹೋದ ಟ್ಯಾಂಕ್, ಲಾರಿ, ಕುದುರೆಗಳನ್ನು ಮಾರಿ ಮಕ್ಕಳಿಗೆ ಶಾಲೆ ಕಟ್ಟಿದರು. 1963ರಲ್ಲಿ ನಗರಸಭೆಯೇ ಶಿಶುಶಾಲೆ ತೆರೆಯಿತು. ಶಿಕ್ಷಣ ಚಿಂತಕ ಲೋರಿಸ್ ಮಾಲಗುಝಿ ಅವರ ಮಾರ್ಗದರ್ಶನದಲ್ಲಿ ಈ ಶಾಲೆಗಳು ಕಲೆಗೆಂದೇ ಒಂದು ಕೋಣೆ, ಕಲೆ ಓದಿದ ಒಬ್ಬ ಶಿಕ್ಷಕರನ್ನು ಪಡೆದವು. ಮಗು ಮಣ್ಣು, ತಂತಿ, ಬಣ್ಣದ ಮೂಲಕವೇ ಯೋಚಿಸಲು ಕಲಿಯುತ್ತದೆ ಎಂಬುದು ಇದರ ಹಿಂದಿನ ನಂಬಿಕೆ.

ಹಾಗಾದರೆ ಅಲ್ಲಿಂದ ತರಬೇಕಾದದ್ದು ಕುಂಚ ಹಿಡಿಯುವ ಬಗೆಯನ್ನಲ್ಲ. ಕಲೆಗೆ ಕೋಣೆ, ಹುದ್ದೆ, ಸಮಯ ಕೊಡುವ ತೀರ್ಮಾನವನ್ನು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಾಠದೊಂದಿಗೆ ಕಲೆ ಬೆರೆಯಬೇಕು ಎನ್ನುತ್ತದೆ. ಆದರೆ ಪರೀಕ್ಷೆ ಹತ್ತಿರವಾದಂತೆ ನಾವು ಓದಿದ ಶಾಲೆಗಳಲ್ಲಿ ಮೊದಲು ಮಾಯವಾಗುತ್ತಿದ್ದದ್ದು ಡ್ರಾಯಿಂಗ್ ಪೀರಿಯಡ್. ಮುಂದೆ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟಿನ ಮುಂದೆ ಕುಳಿತಾಗ, ವಸ್ತುವೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಲಾಗದೆ ನಮ್ಮಲ್ಲಿ ಹಲವರು ಒದ್ದಾಡಿದೆವು.

ಶಿಕ್ಷಕರು ವಿದೇಶಕ್ಕೆ ಹೋಗಿ ಬರಲಿ. ಮರಳಿ ಬಂದಾಗ ಅವರ ಪೀರಿಯಡ್ ಗಣಿತದ ಪಾಲಾಗದಿರಲಿ.