ಚಪ್ಪಾಳೆಯ ಜತೆಗೆ ಸಂಭಾವನೆಯೂ ಇರಲಿ

ಕಲಾವಿದನಿಗೆ ಚಪ್ಪಾಳೆಯೇ ದೊಡ್ಡ ಸಂಭಾವನೆ ಎಂಬ ಮಾತು ನಮ್ಮ ಸಂಘ-ಸಂಸ್ಥೆಗಳ ವೇದಿಕೆಯಲ್ಲಿ ಆಗಾಗ ಕೇಳಿಬರುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಹಾಡುವವರ ಮನೆಬಾಡಿಗೆ, ರೈಲಿನ ಪಾಸು, ತಬಲಾದವರಿಗೆ ಕೊಡಬೇಕಾದ ಹಣ ಇವು ಯಾವುವೂ ಚಪ್ಪಾಳೆಯಿಂದ ಸಂದಾಯವಾಗುವುದಿಲ್ಲ. ದೊಡ್ಡ ಕಂಪೆನಿಯ ಆಶ್ರಯವಿಲ್ಲದೆ, ತಾವೇ ಬರೆದ ಹಾಡುಗಳನ್ನು ಊರೂರಿಗೆ ಹೊತ್ತೊಯ್ದು ಬದುಕು ಕಟ್ಟಿಕೊಂಡ ಅಮೆರಿಕದ ಗಾಯಕಿ ಆನಿ ಡಿಫ್ರಾಂಕೊ ಅವರ ವೃತ್ತಿಜೀವನವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

1970ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಜನಿಸಿದ ಆನಿ, ಬಾಲ್ಯದಲ್ಲೇ ಗಿಟಾರ್ ಹಿಡಿದು ಊರಿನ ಬಾರ್‌ಗಳಲ್ಲಿ ಹಾಡುತ್ತಾ ಬೆಳೆದವರು. ಜನಪದ ಗೀತೆಯ ಸರಳತೆಗೆ ರಾಕ್ ಸಂಗೀತದ ಬಿರುಸು ಸೇರಿದ ಫೋಕ್-ರಾಕ್ ಅವರ ದಾರಿ. 1990ರಲ್ಲಿ ಮೊದಲ ಆಲ್ಬಮ್ಮನ್ನು ಸ್ವಂತವಾಗಿಯೇ ಹೊರತಂದರು. ಅವರ ಸಂಸ್ಥೆ 'ರೈಟಿಯಸ್ ಬೇಬ್' ಬೆಳೆದದ್ದು ಹೀಗೆ. ಕಛೇರಿ ಮುಗಿದ ಮೇಲೆ ಕೇಳುಗರಿಗೆ ಕ್ಯಾಸೆಟ್ ಮಾರುವುದೇ ಆರಂಭದ ವ್ಯಾಪಾರ. ಹೆಸರು ಬಂದ ಮೇಲೆ ದೊಡ್ಡ ಕಂಪೆನಿಗಳು ಕರೆದವು, ಅವರು ಹೋಗಲಿಲ್ಲ. ಮಹಿಳೆಯರ ಹಕ್ಕು ಹಾಗೂ ರಾಜಕೀಯದ ಬಗ್ಗೆ ನೇರವಾಗಿ ಹಾಡುವ ತಮಗೆ, ಯಾವ ಹಾಡು ಇರಬೇಕು, ಯಾವುದು ಬೇಡ ಎಂದು ಮತ್ತೊಬ್ಬರು ಹೇಳುವುದು ಬೇಕಿರಲಿಲ್ಲ.

1990ರ ದಶಕದಲ್ಲಿ ಅವರು ಇಬ್ಬರ ತಂಡವಾಗಿಯೂ ಊರೂರು ಸುತ್ತಿದರು. ಗಿಟಾರ್ ಮತ್ತು ಹಾಡು ಆನಿಯವರದು; ಡ್ರಮ್ಸ್ ಕೆನಡಾದ ಆಂಡಿ ಸ್ಟೊಚಾನ್ಸ್ಕಿ ಅವರದು. ಇಬ್ಬರ ತಂಡದ ಅನುಕೂಲ ಕಾರ್ಯಕ್ರಮ ನಡೆಸಿದ ಯಾರಿಗಾದರೂ ಅರ್ಥವಾದೀತು. ಪ್ರಯಾಣಕ್ಕೆ ಒಂದೇ ವಾಹನ ಸಾಕು, ಊಟ-ವಸತಿಯ ಖರ್ಚು ಕಡಿಮೆ, ಬಂದ ಹಣ ಹತ್ತು ಪಾಲಾಗುವುದಿಲ್ಲ. ಹೀಗಾಗಿ ಇನ್ನೂರು ಜನ ಸೇರುವ ಸಭಾಂಗಣವೂ ನಷ್ಟದ ಬಾಬ್ತು ಆಗುವುದಿಲ್ಲ. ಸಣ್ಣ ಊರು, ಕಾಲೇಜು, ಕಾಫಿ ಅಂಗಡಿಗಳಲ್ಲಿ ಟಿಕೆಟ್ ಕೊಂಡು ಕೇಳಿದವರೇ ಆನಿಗೆ ಕಂಪೆನಿಗಳನ್ನು ನಿರಾಕರಿಸುವ ಧೈರ್ಯ ಕೊಟ್ಟರು. ಮುಂದೆ ತಂಡಕ್ಕೆ ಬಾಸ್ ಗಿಟಾರ್ ಕೂಡ ಸೇರಿತು. 1997ರಲ್ಲಿ ಬಂದ ಅವರ ನೇರ ಕಛೇರಿಗಳ ಜೋಡಿ ಆಲ್ಬಮ್ ಅಮೆರಿಕದಲ್ಲಿ 'ಗೋಲ್ಡ್' ಮಾನ್ಯತೆ ಪಡೆಯಿತು.

ಆಗ ಪತ್ರಿಕೆಗಳು ಅವರ ಹಾಡಿಗಿಂತ ಹೆಚ್ಚಾಗಿ ಲಾಭದ ಬಗ್ಗೆ ಬರೆಯತೊಡಗಿದವು. ಒಂದೊಂದು ಆಲ್ಬಮ್ಮಿಗೆ 4.25 ಡಾಲರ್ ಆಕೆಯ ಕೈಗೇ ಸೇರುತ್ತದೆ, ಖ್ಯಾತ ತಂಡಗಳಿಗೂ ಇಷ್ಟು ಸಿಗುವುದಿಲ್ಲ ಎಂಬುದು ಸುದ್ದಿಯಾಯಿತು. 'ಮಿಸ್' ಎಂಬ ಮಹಿಳಾ ಪತ್ರಿಕೆಯೂ ಅದನ್ನೇ ಎತ್ತಿಹಿಡಿದಾಗ ಆನಿ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಹಣ ಬೇಡವೆಂಬುದು ಅವರ ವಾದವಾಗಿರಲಿಲ್ಲ; ತಮ್ಮನ್ನು ಹಣದಿಂದ ಅಳೆಯಬೇಡಿ ಎಂಬುದಷ್ಟೇ ಆಗಿತ್ತು. ಈ ಎರಡರ ವ್ಯತ್ಯಾಸ ಕಾರ್ಯಕ್ರಮ ಸಂಘಟಿಸುವ ನಮಗೂ ತಿಳಿದಿರಬೇಕು.

ಗಳಿಸಿದ ಹಣ ಎಲ್ಲಿಗೆ ಹೋಯಿತು ಎಂಬುದೂ ಮುಖ್ಯ. ಬಫಲೋದಲ್ಲಿ ಕೆಡವಲ್ಪಡುವ ಸ್ಥಿತಿಯಲ್ಲಿದ್ದ ಹಳೆಯ ಚರ್ಚ್ ಕಟ್ಟಡವೊಂದನ್ನು ಅವರ ಸಂಸ್ಥೆ ದುರಸ್ತಿ ಮಾಡಿಸಿ ಕಲಾಕೇಂದ್ರವನ್ನಾಗಿಸಿತು. 2010ರಲ್ಲಿ ಅನಾಯಿಸ್ ಮಿಚೆಲ್ ಎಂಬ ಗೀತರಚನಕಾರ್ತಿಯ 'ಹೇಡಿಸ್‌ಟೌನ್' ಆಲ್ಬಮ್ಮನ್ನು ಹೊರತಂದಿತು. ಅದೇ ಕೃತಿ ನಾಟಕವಾಗಿ ಬ್ರಾಡ್‌ವೇಗೆ ಏರಿ 2019ರಲ್ಲಿ ಅತ್ಯುತ್ತಮ ಸಂಗೀತ ನಾಟಕಕ್ಕಾಗಿ ಟೋನಿ ಪ್ರಶಸ್ತಿ ಪಡೆಯಿತು. ಒಬ್ಬರು ಸ್ವಂತ ಕಾಲ ಮೇಲೆ ನಿಂತರೆ ಇನ್ನೊಬ್ಬರಿಗೂ ನೆರಳಾಗುತ್ತದೆ.

ಈ ದಾರಿ ಸುಖದ್ದೇನಲ್ಲ. 2005ರಲ್ಲಿ ಕೈನೋವಿನಿಂದ ಆನಿ ಹಲವು ತಿಂಗಳು ಪ್ರವಾಸ ನಿಲ್ಲಿಸಬೇಕಾಯಿತು. ಊರೂರು ಸುತ್ತಿ ದುಡಿಯುವವರಿಗೆ ಕೈ ನಿಂತರೆ ಆದಾಯವೂ ನಿಂತಂತೆ. ತಪ್ಪು ಮಾಡಿದರೆ ಮರೆಯಾಗಲು ಕಂಪೆನಿಯ ಬೆನ್ನೂ ಇಲ್ಲ. 2013ರಲ್ಲಿ ಲೂಸಿಯಾನಾದಲ್ಲಿ ಹಿಂದೆ ಗುಲಾಮರನ್ನು ದುಡಿಸುತ್ತಿದ್ದ ಎಸ್ಟೇಟೊಂದರಲ್ಲಿ ಶಿಬಿರ ಏರ್ಪಡಿಸಲು ಹೊರಟಾಗ ಅಭಿಮಾನಿಗಳೇ ತಿರುಗಿಬಿದ್ದರು, ಶಿಬಿರ ರದ್ದಾಯಿತು. ಕೈಹಿಡಿದ ಕೇಳುಗರಿಗೆ ಕಿವಿ ಹಿಂಡುವ ಹಕ್ಕೂ ಇರುತ್ತದೆ.

ಸ್ವಂತವಾಗಿ ಕನ್ನಡ ಹಾಡು ಕಟ್ಟಿ, ಗಿಟಾರ್ ಅಥವಾ ಹಾರ್ಮೋನಿಯಂ ಹಿಡಿದು ಹಾಡುವ ಯುವಕ-ಯುವತಿಯರು ನಮ್ಮಲ್ಲೂ ಇದ್ದಾರೆ. ಇಂದು ಹಾಡು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಕ್ಯಾಸೆಟ್ ಮಾರಿ ಬದುಕುವ ಕಾಲ ಮುಗಿದಿದೆ. ಆದ್ದರಿಂದ ವೇದಿಕೆಯ ಸಂಭಾವನೆಗೆ ಹಿಂದೆಂದಿಗಿಂತ ಹೆಚ್ಚು ಬೆಲೆ ಬಂದಿದೆ. ನಮ್ಮ ಸಂಘಗಳ ಸಭಾಂಗಣಗಳು ಅಂಥವರಿಗೆ ಹೇಳಿಮಾಡಿಸಿದ ಜಾಗ. ಇಬ್ಬರ ಕಾರ್ಯಕ್ರಮಕ್ಕೆ ಭಾರೀ ಮಂಟಪ ಬೇಕಿಲ್ಲ, ಲಕ್ಷಗಟ್ಟಲೆ ದೇಣಿಗೆಯೂ ಬೇಕಿಲ್ಲ.

ರಾಜ್ಯೋತ್ಸವದ ಆಯವ್ಯಯ ಬರೆಯುವಾಗ ಪೆಂಡಾಲು, ಊಟ, ಸ್ಮರಣ ಸಂಚಿಕೆಯ ನಂತರ ಉಳಿದದ್ದು ಕಲಾವಿದರಿಗೆ ಎನ್ನುವ ಪದ್ಧತಿ ಬದಲಾಗಲಿ. ಕಲಾವಿದರ ಸಂಭಾವನೆ ಮೊದಲ ಸಾಲಿನಲ್ಲೇ ಬರಲಿ, ಎಷ್ಟೆಂಬುದು ಮುಂಚಿತವಾಗಿ ತಿಳಿದಿರಲಿ, ಅಂದಿನ ಸಂಜೆಯೇ ಕೈಸೇರಲಿ. ಶಾಲು, ಫಲಪುಷ್ಪ ಅದರ ಮೇಲಿರಲಿ. ಚಪ್ಪಾಳೆಯನ್ನೂ ತಟ್ಟೋಣ, ಜೋರಾಗಿಯೇ ತಟ್ಟೋಣ. ಆದರೆ ಅದು ಲಕೋಟೆ ಕೊಟ್ಟ ಕೈಗಳ ಚಪ್ಪಾಳೆಯಾಗಿರಲಿ.