ನಿಂತಲ್ಲೇ ಬಿಸಿ ಮಾಡಿ ಏನು ಲಾಭ?

ಚಳಿಯಲ್ಲಿ ಸ್ಪೋರ್ಟ್ಸ್ ಕಾರನ್ನು ಹದಿನೈದು ನಿಮಿಷ ನಿಲ್ಲಿಸಿಯೇ ಬಿಸಿ ಮಾಡಬೇಕೆಂಬ ಲೇಖನ ಓದಿದೆ. ಇದು ಕಾರ್ಬ್ಯುರೇಟರ್ ಕಾಲದ ಬುದ್ಧಿವಾದ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಹೋಗುತ್ತದೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲನ್ನೇ ತೊಳೆಯುತ್ತದೆ. ಗೇರ್‌ಬಾಕ್ಸ್ ಆಯಿಲಂತೂ ಗಾಡಿ ಉರುಳದೆ ಸರಿಯಾಗಿ ಬಿಸಿಯಾಗದು. ಬೆಳಗ್ಗೆ ಎರಡನೇ ಗೇರ್ ಮೊಂಡು ಹಿಡಿಯುವುದು ಅದಕ್ಕೇ. ಲೇಖಕರು ನಂಬಿರುವ ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳು ತೋರಿಸುವುದು ಕೂಲೆಂಟ್‌ನ ಬಿಸಿಯನ್ನು. ಆಯಿಲ್ ಬಿಸಿಯಾಗುವುದು ಅದಕ್ಕಿಂತ ನಿಧಾನ. ಬಿಎಂಡಬ್ಲ್ಯು ಇ46 ಎಂ3 ಕಾರಿನ ಆರ್‌ಪಿಎಂ ಮೀಟರಿನಲ್ಲಿ ಆಯಿಲ್ ಬಿಸಿಯಾದಂತೆ ಒಂದೊಂದಾಗಿ ಆರುವ ದೀಪಗಳಿದ್ದವು. ಎಳೆಯಬೇಡಿ ಎನ್ನುವುದಕ್ಕೆ ಅವು, ನಿಂತೇ ಇರಿ ಎನ್ನುವುದಕ್ಕಲ್ಲ. ಅಂದಹಾಗೆ, ಆ ಕಾರಿನ ತವರು ಜರ್ಮನಿಯಲ್ಲಿ ವಿನಾಕಾರಣ ಎಂಜಿನ್ ಚಾಲೂ ಇಟ್ಟು ನಿಲ್ಲುವುದು ಕಾನೂನಿಗೆ ವಿರುದ್ಧ. ಅರ್ಧ ನಿಮಿಷ ಸಾಕು, ಹೊರಡಿ. ಆಯಿಲ್ ಬಿಸಿಯಾಗುವವರೆಗೆ 3,000 ಆರ್‌ಪಿಎಂ ದಾಟಿಸಬೇಡಿ.