ಎಂಟು ಹತ್ತು ದಿನದ ಆಸರೆ

ಜನವರಿ 12 ರಾಷ್ಟ್ರೀಯ ಯುವ ದಿನ. ಸ್ವಾಮಿ ವಿವೇಕಾನಂದರ ಹುಟ್ಟಿದ ದಿನವನ್ನು ಹೀಗೆ ಆಚರಿಸಬೇಕೆಂದು ಕೇಂದ್ರ ಸರ್ಕಾರ 1984ರಲ್ಲಿ ತೀರ್ಮಾನಿಸಿತು. 1985ರಿಂದ ಅದು ನಡೆದುಬಂದಿದೆ. ದೇಶಕ್ಕೆಲ್ಲ ರಜೆಯಿಲ್ಲ. ಕಾಲೇಜುಗಳಲ್ಲಿ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಭಾಷಣ ಸ್ಪರ್ಧೆ ನಡೆಯುತ್ತದೆ. ಆ ಭಾಷಣಗಳಲ್ಲಿ ಹೆಚ್ಚಾಗಿ ಕೇಳಿಬರುವುದು 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನ. ಪುಣೆಯಲ್ಲಿರುವ ನಮಗೆ ಅದರ ಹಿಂದಿನ ವರ್ಷದ ಸಂಗತಿಯೇ ಹೆಚ್ಚು ಹತ್ತಿರದ್ದು.

1892ರಲ್ಲಿ ಮುಂಬಯಿಯಿಂದ ಪುಣೆಗೆ ಹೊರಟ ರೈಲಿನಲ್ಲಿ ಲೋಕಮಾನ್ಯ ತಿಲಕರಿದ್ದ ಡಬ್ಬಿಗೆ ಒಬ್ಬ ತರುಣ ಸನ್ಯಾಸಿ ಹತ್ತಿದರು. ಬೀಳ್ಕೊಡಲು ಬಂದಿದ್ದ ಗುಜರಾತಿ ಮಹನೀಯರು, ಪುಣೆಯಲ್ಲಿ ಇವರನ್ನು ನಿಮ್ಮ ಮನೆಯಲ್ಲೇ ಇಳಿಸಿಕೊಳ್ಳಿ ಎಂದು ಕೇಳಿಕೊಂಡರು. ಸದಾಶಿವ ಪೇಠದ ವಿಂಚೂರಕರ ವಾಡೆಯಲ್ಲಿ ಆಗ ತಿಲಕರ ವಾಸ. ಅತಿಥಿ ಎಂಟು ಹತ್ತು ದಿನ ಅಲ್ಲೇ ಉಳಿದರು. ಹೆಸರೇನೆಂದು ಕೇಳಿದರೆ ಸನ್ಯಾಸಿ ಎಂದಷ್ಟೇ ಉತ್ತರ. ಕೈಯಲ್ಲಿ ಕಾಸಿಲ್ಲ, ಇದ್ದದ್ದು ಒಂದು ಜಿಂಕೆಚರ್ಮ, ಒಂದೆರಡು ಬಟ್ಟೆ, ಕಮಂಡಲು. ಹೀರಾಬಾಗಿನ ಡೆಕ್ಕನ್ ಕ್ಲಬ್ಬಿನಲ್ಲಿ ವಾರಕ್ಕೊಮ್ಮೆ ಸಭೆ. ಒಂದು ಸಂಜೆ ಕಾಶೀನಾಥ ಗೋವಿಂದ ನಾಥರು ತತ್ತ್ವಶಾಸ್ತ್ರದ ಮೇಲೆ ಮಾತಾಡಿ ಮುಗಿಸಿದ ಮೇಲೆ, ತಿಲಕರ ಜೊತೆ ಬಂದಿದ್ದ ಈ ತರುಣ ಎದ್ದು ನಿಂತು ಅದೇ ವಿಷಯದ ಇನ್ನೊಂದು ಮಗ್ಗುಲನ್ನು ನಿರರ್ಗಳ ಇಂಗ್ಲಿಷಿನಲ್ಲಿ ಬಿಡಿಸಿಟ್ಟರು. ಅದಾದ ಸ್ವಲ್ಪದರಲ್ಲೇ ಊರನ್ನೂ ಬಿಟ್ಟರು. ಷಿಕಾಗೊದ ಸುದ್ದಿ ಬಂದ ಮೇಲೆಯೇ, ತಮ್ಮ ಮನೆಯಲ್ಲಿ ಉಂಡು ಹೋದವರು ಇವರೇ ಇರಬೇಕೆಂದು ತಿಲಕರಿಗೆ ಹೊಳೆದದ್ದು. ಪುಣೆಗೆ ಬಂದಾಗ ವಿವೇಕಾನಂದರಿಗೆ 29.

ಹೆಸರು ಬಂದ ಮೇಲೆ ಹಾರ ಹಿಡಿದು ಊರೇ ಬರುತ್ತದೆ. ಯಾರೂ ಅಲ್ಲದಿದ್ದಾಗ ಮಲಗಲು ಮೂಲೆ, ಎರಡು ಹೊತ್ತು ಊಟ, ಬಾಯಿ ತೆರೆಯಲು ಒಂದು ಸಭೆ ಕೊಟ್ಟವರನ್ನು ಯುವ ದಿನದಂದು ನೆನೆಯಬೇಕೆಂದು ನನಗೆ ಅನ್ನಿಸುತ್ತದೆ. ಗುರುವನ್ನು ಹುಡುಕಿಕೊಂಡು 11ನೆಯ ವಯಸ್ಸಿನಲ್ಲೇ ಗದಗಿನ ಮನೆ ಬಿಟ್ಟ ಗಾಯಕ ಭೀಮಸೇನ ಜೋಶಿಯವರಿಗೂ ರೈಲಿನಲ್ಲಿ ಹಾಡು ಕೇಳಿದ ಅಪರಿಚಿತರೇ ಆಸರೆಯಾಗಿದ್ದರು. ಮುಂದೆ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಮಹೋತ್ಸವದ ವೇದಿಕೆ ಎಷ್ಟೋ ಎಳೆಯ ಕಲಾವಿದರಿಗೆ ದಕ್ಕಿತು.

ಅದೇ ಸದಾಶಿವ ಪೇಠದ ಗೋಡೆಗಳ ಮೇಲೆ ಇವತ್ತು ‘ಕಾಟ್ ಬೇಸಿಸ್’ ಎಂಬ ಚೀಟಿಗಳು. ಇಡೀ ಕೋಣೆ ಕೈಗೆಟುಕದವರಿಗೆ ಒಂದು ಮಂಚದಷ್ಟು ಜಾಗ ಬಾಡಿಗೆಗೆ. ಮಂಚದ ಕೆಳಗೆ ಪೆಟ್ಟಿಗೆ, ತಲೆದೆಸೆಯಲ್ಲಿ ಪುಸ್ತಕದ ರಾಶಿ, ಕಿಟಕಿಯ ಸರಳಿಗೆ ಒಣಹಾಕಿದ ಟವೆಲ್ಲು. ಹಗಲೆಲ್ಲ ಅಭ್ಯಾಸಿಕೆ ಎಂಬ ವಾಚನಾಲಯದಲ್ಲಿ ಓದು, ಊಟ ಖಾನಾವಳಿಯಲ್ಲಿ. ಸ್ಪರ್ಧಾ ಪರೀಕ್ಷೆಗೆ ಕೂತ ಈ ಮಕ್ಕಳ ನಡುವೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳಿಂದ ಬಂದವರೂ ಇದ್ದಾರೆ. ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಹುಡುಕಿ ವಿಜಯಪುರ, ಕಲಬುರಗಿಯಿಂದ ಬರುವವರದು ಇನ್ನೊಂದು ಸಾಲು. ಡಿಪಾಸಿಟ್ಟಿಗೆ ದುಡ್ಡಿಲ್ಲ, ಗುರುತು ಹೇಳುವವರಿಲ್ಲ. ಮೊದಲ ವಾರವೇ ಕಷ್ಟದ್ದು, ಹೆಣ್ಣುಮಕ್ಕಳಿಗಂತೂ ಇನ್ನೂ ಕಷ್ಟ.

ಪುಣೆಯ ಕನ್ನಡ ಸಂಘಗಳಲ್ಲಿ ನನ್ನದೊಂದು ಬಿನ್ನಹ. ಸನ್ಮಾನ ಸಮಾರಂಭದ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಮೊದಲ ಹತ್ತು ದಿನ ಇಳಿದುಕೊಳ್ಳಲು ಜಾಗ ಮಾಡಿಕೊಡಿ. ಮನೆ ಮಾಲೀಕರ ಹತ್ತಿರ ಅವರ ಪರವಾಗಿ ಒಂದು ಮಾತು ಆಡಿ.

ನಮ್ಮ ಈ ಪತ್ರಿಕೆಯ ಪಾಲಿನ ಕೆಲಸವೂ ಇದೆ. ಮುಂದಿನ ಸಂಚಿಕೆಯಿಂದ ಕೊನೆಯ ನಾಲ್ಕು ಪುಟ, ಈವರೆಗೆ ಎಲ್ಲೂ ಪ್ರಕಟವಾಗದ ಎಳೆಯರಿಗೆ ಮೀಸಲು. ಕೈಬರಹವಾದರೂ ಸರಿ, ಮರಾಠಿ ಬೆರೆತ ಗಡಿಯ ಕನ್ನಡವಾದರೂ ಸರಿ, ಕಳಿಸಿ.